ಮೂರನೇ ಬೆಡ್‌ಗೆ ಬಿಟ್ಟ ನೀರು

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ಸುಳ್ಳು ಹೇಳಿ ನನಗೆ ಆಗಬೇಕಾದ್ದೇನೂ ಇಲ್ಲ, ನಿಜ ಹೇಳಿದರೆ ಕೆಲಸ ಹೋಗುವ ಸಂಭವವೇ ಹೆಚ್ಚು. ಅದಕ್ಕೇ ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಶಿಕಾರಿಪುರದ ಒಂದು ಖಾಸಗಿ ಆಸ್ಪತ್ರೆ, ಐದು ಹಾಸಿಗೆಯ ಐಸಿಯು, ಒಂದೇ ಒಂದು ಡಯಾಲಿಸಿಸ್ ಮಷಿನ್... ಅಷ್ಟು ಸಾಕು. ಆ ರಾತ್ರಿ ನಡೆದದ್ದನ್ನು ನಾನೇ ಕಂಡಿದ್ದೇನೆ, ನಾನೇ ಕೇಳಿದ್ದೇನೆ. ಅದರಲ್ಲಿ ನನ್ನ ಪಾಲೂ ಇದೆ ಎನ್ನುವುದೇ ನನ್ನ ಸಂಕಟ.

ನಾನು ಸೊರಬದವಳು, ನರ್ಸ್ ಆಗಿ ಹನ್ನೊಂದು ವರ್ಷವಾಯಿತು. ಸಂಜೆ ಬಸ್ಸು ಹತ್ತಿ ಶಿಕಾರಿಪುರಕ್ಕೆ ಬಂದರೆ ಮರುದಿನ ಬೆಳಿಗ್ಗೆಯೇ ವಾಪಸ್ಸು. ದೆವ್ವ ಗಿವ್ವ ಎಂದು ಯಾರಾದರೂ ಶುರುಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೆಣದ ಪಕ್ಕ ಒಬ್ಬಳೇ ಕೂತು ಬುತ್ತಿ ಬಿಚ್ಚಿ ಊಟ ಮಾಡಿದವಳು ನಾನು.

ಆ ತಿಂಗಳು ಐಸಿಯು ತುಂಬ ಕಿಡ್ನಿ ಕೈಕೊಟ್ಟವರೇ. ಅಂಥವರ ಮನೆಯವರು ಕೇಳುವುದು ಒಂದೇ ಪ್ರಶ್ನೆ. "ಮತ್ತೆ ಉಚ್ಚೆ ಬರ್ತೈತೇನ್ರೀ ಸಿಸ್ಟರ್?" ನಾವು ಗಂಟೆಗೊಮ್ಮೆ ಮೂತ್ರದ ಚೀಲ ನೋಡಿ ಎಷ್ಟು ಬಂತೆಂದು ಚಾರ್ಟಿನಲ್ಲಿ ಬರೆಯುತ್ತೇವೆ. ಬಂದರೆ ಬದುಕು, ಬಾರದಿದ್ದರೆ ಡಯಾಲಿಸಿಸ್. ಅದೂ ಎಷ್ಟು ದಿನ ಎಂದು ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ಡಾಕ್ಟರು ಹೊಸದೊಂದು ಪರೀಕ್ಷೆ ಶುರುಮಾಡಿದ್ದರು. "ಕ್ರಿಯಾಟಿನಿನ್ ನೋಡಿದ್ರೆ ಕಿಡ್ನಿ ಇವತ್ತು ಎಷ್ಟು ಕೆಟ್ಟಿದೆ ಅಂತ ಗೊತ್ತಾಗುತ್ತೆ ಅಷ್ಟೆ. ಅದು ತಿರುಗಿ ಬರುತ್ತೋ ಇಲ್ವೋ ಅಂತ ಹೇಳೋ ಗುರುತುಗಳು ಬೇರೆ ಇವೆ. ಮಾರ್ಕರ್ ಅಂತೀವಿ," ಎಂದು ನನಗೆ ವಿವರಿಸಿದ್ದರು. ರೋಗಿಯ ರಕ್ತ, ಸಿಕ್ಕಿದಷ್ಟು ಮೂತ್ರ ಐಸಿನ ಡಬ್ಬಿಯಲ್ಲಿ ದೂರದ ಲ್ಯಾಬಿಗೆ ಹೋಗುತ್ತಿತ್ತು. ಅದೂ ಒಂದು ಅಂದಾಜು ಮಾತ್ರ, ಬ್ರಹ್ಮಲಿಪಿಯಲ್ಲ ಎಂದೂ ಅವರೇ ಹೇಳಿದ್ದರು.

ನಾಲ್ಕನೇ ಬೆಡ್‌ನಲ್ಲಿ ಹನುಮಂತಪ್ಪ ಎಂಬ ಅಜ್ಜ ಇದ್ದ. ಕುಬಟೂರು ಕಡೆಯವನು. ಕಾಲಿನ ಗಾಯ ಕೀವಾಗಿ, ನಂಜು ರಕ್ತಕ್ಕೆ ಏರಿ, ಕಿಡ್ನಿ ನಿಂತಿತ್ತು. ಮಗಳು ಗಿರಿಜಾ ಹಗಲೂ ರಾತ್ರಿ ಹೊರಗಿನ ಬೆಂಚಿನ ಮೇಲೇ ಇರುತ್ತಿದ್ದಳು. "ನಮ್ಮಪ್ಪ ಕೆರೆ ನೀರಗಂಟಿ ಸಿಸ್ಟರ್. ತೂಬು ಎತ್ತೋದು, ಪಾಳಿ ಪ್ರಕಾರ ಗದ್ದೆ ಗದ್ದೆಗೆ ನೀರು ಬಿಡೋದು. ಬ್ಯಾರೆ ಏನೂ ಗೊತ್ತಿಲ್ಲ ಅವಂಗೆ," ಎಂದಿದ್ದಳು.

ರಕ್ತದಲ್ಲಿ ಯೂರಿಯಾ ಏರಿದವರು ಮಂಪರಿನಲ್ಲಿ ಏನಾದರೂ ಬಡಬಡಿಸುತ್ತಿರುತ್ತಾರೆ. ಅಜ್ಜನೂ ಹಾಗೇ. ಅವನು ಬಂದ ಮೂರನೇ ರಾತ್ರಿ ಆಯಾ ಮಹಬೂಬಿ ನೆಲ ಒರೆಸುತ್ತಿದ್ದಾಗ, ಕಣ್ಣು ಮುಚ್ಚಿಕೊಂಡೇ ಕೇಳಿದ.

"ಐದನೇದಕ್ಕೆ ಬಿಡ್ಲೇನು?"

ಮಹಬೂಬಿಗೆ ನಗು. "ಬಿಡಪ್ಪಾ ಬಿಡು, ಯಾರು ಬ್ಯಾಡ ಅಂತಾರೆ!"

ಐದನೇ ಬೆಡ್‌ನಲ್ಲಿ ಒಬ್ಬ ಕಿರಾಣಿ ಅಂಗಡಿಯವರಿದ್ದರು. ಎಂಟು ದಿನದಿಂದ ಅವರ ಚೀಲಕ್ಕೆ ಒಂದು ಹನಿ ಬಿದ್ದಿರಲಿಲ್ಲ. ಬೆಳಗಿನ ಜಾವಕ್ಕೆ ನೋಡಿದರೆ ಅರ್ಧ ಚೀಲ... ತಿಳಿ ಹಳದಿ ಮೂತ್ರ. ಡಾಕ್ಟರು ಖುಷಿಯಾದರು. ಮಾರ್ಕರ್ ಕೂಡ ಹಾಗೇ ಹೇಳಿತ್ತಂತೆ.

ಎರಡು ದಿನ ಬಿಟ್ಟು ಮತ್ತೆ ಅದೇ ಹೊತ್ತು. "ಒಂದನೇದಕ್ಕೆ ಬ್ಯಾಡ. ಅಲ್ಲಿ ಕಾಲುವೆ ಕುಸಿದೈತಿ," ಎಂದು ಅಜ್ಜ ತನಗೆ ತಾನೇ ಹೇಳಿಕೊಂಡ. ಒಂದನೇ ಬೆಡ್‌ನ ರೋಗಿ ಮರುದಿನ ಮಧ್ಯಾಹ್ನ ತೀರಿಕೊಂಡರು. ಮಹಬೂಬಿ ಆಮೇಲೆ ನಾಲ್ಕನೇ ಬೆಡ್‌ನ ಹತ್ತಿರ ಒಬ್ಬಳೇ ಹೋಗುವುದನ್ನು ಬಿಟ್ಟಳು. ನಾನು ಅವಳಿಗೆ ಬೈದೆ. ಆದರೆ ಅಜ್ಜನಿಗೆ ಹಾಸಿಗೆಯ ನಂಬರು ಯಾರು ಹೇಳಿದರು ಎಂಬ ಯೋಚನೆ ನನ್ನ ತಲೆಗೂ ಹೊಕ್ಕಿತ್ತು. ಪ್ರಜ್ಞೆ ಇಲ್ಲದೆ ಬಂದವನು, ಸುತ್ತ ಪರದೆ ಬೇರೆ.

ಇನ್ನು ಮೂರನೇ ಬೆಡ್. ಜಡೆ ಊರಿನ ಸವಿತಾ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಕಿಡ್ನಿ ಎರಡೂ ಸ್ತಬ್ಧ. ಹನ್ನೆರಡು ದಿನದ ಹೆಣ್ಣು ಕೂಸು ಅಜ್ಜಿಯ ಹತ್ತಿರ ಬಾಟಲಿ ಹಾಲು ಕುಡಿಯುತ್ತಿತ್ತು. ಈ ಹುಡುಗಿಯ ಕಡೆಗೆ ನನಗೆ ಯಾಕೋ ಕರುಳು ಎಳೆಯುತ್ತಿತ್ತು. ಎಚ್ಚರವಾದಾಗಲೆಲ್ಲ, "ಎದೆ ಬಿಗೀತೈತಿ ಸಿಸ್ಟರ್, ಹಾಲು ಕಟ್ಟೈತಿ," ಎಂದು ಅಳುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ ಅಜ್ಜ, ಸವಿತಾ ಇಬ್ಬರ ಮಾರ್ಕರ್ ರಿಪೋರ್ಟೂ ಒಟ್ಟಿಗೆ ಬಂದವು. ಅಜ್ಜನ ಕಿಡ್ನಿ ಚೇತರಿಸಿಕೊಳ್ಳುತ್ತದೆ. ಆಗಲೇ ಗಂಟೆಗೆ ಮೂವತ್ತು, ನಲವತ್ತು ಎಂಎಲ್ ಬರತೊಡಗಿತ್ತು ಕೂಡ. ಸವಿತಾಳದು ಚೇತರಿಸಿಕೊಳ್ಳುವ ಲಕ್ಷಣವೇ ಇಲ್ಲ.

ಅವಳ ಗಂಡ ಪರಶುರಾಮ ರಿಪೋರ್ಟು ಕೇಳಿದವನೇ ಗೋಡೆಗೆ ಒರಗಿ ಕೂತುಬಿಟ್ಟ. ಸ್ವಲ್ಪ ಹೊತ್ತಿಗೆ ಎದ್ದು ಬಂದ.

"ಬೆಳಿಗ್ಗೆ ಆರಕ್ಕೆ ಗಾಡಿ ಹೇಳೀನಿ ಸಿಸ್ಟರ್. ಮನೀಗೆ ಕರ್ಕೊಂಡು ಹೋಗ್ತೀನಿ."

"ತಲೆ ಕೆಟ್ಟೈತೇನ್ರೀ? ಡಯಾಲಿಸಿಸ್ ಇಲ್ದೆ ಅವಳು ಮೂರು ದಿನ ಉಳಿಯಲ್ಲ!"

"ರಿಪೋರ್ಟೇ ಆಗಲ್ಲ ಅಂದಮ್ಯಾಲೆ ಮಷಿನ್ನಿಗೆ ಕಟ್ಟಿ ಎಷ್ಟು ದಿನ ನರಳಿಸೋದ್ರೀ? ಕೂಸಿನ ಮುಖ ನೋಡ್ಕೊಂಡಾದ್ರೂ ಹೋಗ್ಲಿ..."

ಡಾಕ್ಟರೂ ಹೇಳಿ ನೋಡಿದರು. ಅವನು ಕೇಳಲಿಲ್ಲ, ಕಾಗದಕ್ಕೆ ಸಹಿ ಹಾಕಿದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಿಟ್ಟು ಅವನ ಮೇಲೋ ಆ ರಿಪೋರ್ಟಿನ ಮೇಲೋ ಎಂದು ಕೇಳಿದರೆ ಈಗಲೂ ಹೇಳಲಾರೆ.

ರಾತ್ರಿ ಎರಡು ಗಂಟೆ ನಲವತ್ತು ನಿಮಿಷ. ಮಹಬೂಬಿ ಚಹಾ ತರಲು ಕೆಳಗೆ ಹೋಗಿದ್ದಳು. ಮಾನಿಟರುಗಳ ಸದ್ದು ಬಿಟ್ಟರೆ ಏನೂ ಇಲ್ಲ. ಸವಿತಾಳ ಚೀಲ ನೋಡಿ ಸೊನ್ನೆ ಬರೆದೆ. ಹಿಂದಿನ ಸಾಲೂ ಸೊನ್ನೆ, ಅದರ ಹಿಂದಿನದೂ ಸೊನ್ನೆ...

ಆಗ ವಾಸನೆ ಬಂತು.

ಕೆಸರಿನ ವಾಸನೆ. ನೀರು ಇಳಿದಾಗ ಕೆರೆಯಂಗಳದಲ್ಲಿ ಬರುತ್ತದಲ್ಲ, ಪಾಚಿ, ಮೀನು, ಹಳೇ ಮಣ್ಣು ಎಲ್ಲ ಕಲೆತದ್ದು... ಅದೇ. ಕಿಟಕಿ ಮುಚ್ಚಿ ಎಸಿ ಹಾಕಿದ ಕೋಣೆ, ಫಿನಾಯಿಲ್ ಬಿಟ್ಟು ಬೇರೆ ವಾಸನೆಗೆ ಜಾಗವೇ ಇಲ್ಲ. ಚರಂಡಿ ಕಟ್ಟಿರಬೇಕೆಂದು ಬಾತ್‌ರೂಮಿಗೆ ಹೋಗಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ತಿರುಗಿ ಒಳಗೆ ಬಂದಂತೆ ವಾಸನೆ ಹೆಚ್ಚಾಯಿತು. ನಾಲ್ಕನೇ ಬೆಡ್‌ನ ಪರದೆಯ ಹತ್ತಿರ ಮೂಗು ಮುಚ್ಚಿಕೊಳ್ಳುವಷ್ಟಿತ್ತು.

ಪರದೆ ಸರಿಸಿದೆ.

ಅಜ್ಜ ಕಣ್ಣು ಬಿಟ್ಟಿದ್ದ. ಇಷ್ಟು ದಿನ ಅವನ ಕಣ್ಣು ತೇಲುತ್ತಿದ್ದವು, ಈಗ ನೆಟ್ಟಗೆ ನನ್ನನ್ನೇ ನೋಡುತ್ತಿದ್ದವು. ಬಲಗಿವಿಯನ್ನು ದಿಂಬಿಗೆ ಒತ್ತಿ, ಕೆಳಗಿನಿಂದ ಬರುವ ಯಾವುದೋ ಸದ್ದನ್ನು ಆಲಿಸುವ ಹಾಗೆ ಮಲಗಿದ್ದ.

"ಒಂದೇ ಪಾಳಿ ನೀರು ಉಳದೈತಿ," ಎಂದ, ಮೆಲ್ಲಗೆ. "ಯಾರಿಗೆ ಬಿಡ್ಲಿ ಹೇಳವ್ವ."

ಏನೋ ಬಡಬಡಿಕೆ ಎಂದು ತಿರುಗಿ ಬಂದುಬಿಡಬಹುದಿತ್ತು. ಬರಬೇಕಿತ್ತು. ಆದರೆ ಐದನೇ ಬೆಡ್‌ನ ಆ ಅರ್ಧ ಚೀಲ ನೆನಪಾಯಿತು. ಆರು ಗಂಟೆಗೆ ಬರುವ ಗಾಡಿ ನೆನಪಾಯಿತು. ಬಗ್ಗಿ, ಅವನ ಕಿವಿಯ ಹತ್ತಿರ ಹೇಳಿದೆ.

"ಮೂರಕ್ಕೆ ಬಿಡಜ್ಜಾ."

ಅಜ್ಜ ಕಿವಿಯನ್ನು ದಿಂಬಿಗೆ ಇನ್ನಷ್ಟು ಒತ್ತಿದ.

"ಮೂರಕ್ಕೆ ಬಿಟ್ರೆ ಕೆರೆ ಬರಿದಾಗ್ತೈತಿ. ನಂದೇ ಗದ್ದೆ ಇನ್ನೂ ಕಾಲುಭಾಗಾನೂ ನೆನೆದಿಲ್ಲ..."

"ನಿಂದು ಆಮೇಲೆ ನೋಡೋಣ. ಮೊದ್ಲು ಅವಳಿಗೆ ಬಿಡು."

"ಆಮೇಲೆ ಅನ್ನಾದು ಇಲ್ಲ ಕಣವ್ವ." ಅವನ ದನಿಯಲ್ಲಿ ಬೇಸರವಿರಲಿಲ್ಲ. ಇನ್ನೊಮ್ಮೆ ಕೇಳಿದ. "ಬಿಡು ಅಂತೀಯಾ?"

ನಾನು ಬಿಡು ಎಂದೆ.

ಅವನು ಎರಡೂ ಕೈಯನ್ನು ಹೊದಿಕೆಯಿಂದ ಹೊರಗೆ ತೆಗೆದ. ಡ್ರಿಪ್ಪಿನ ಸೂಜಿ ಎಳೆದುಕೊಂಡಾನೆಂದು ಹಿಡಿಯಲು ಹೋದೆ. ಅದರೊಳಗೆ ಎರಡು ಮುಷ್ಟಿಯನ್ನೂ ಎದೆಯ ಮೇಲೆ ಒಂದರ ಮೇಲೊಂದು ಇಟ್ಟು, ಭಾರವಾದದ್ದೇನನ್ನೋ ಎತ್ತುವವನಂತೆ ನಿಧಾನಕ್ಕೆ ಮೇಲಕ್ಕೆಳೆದ. ಕತ್ತಿನ ನರಗಳು ಉಬ್ಬಿದವು. ನೆಲದಡಿ ಎಲ್ಲೋ ಗುಳುಗುಳು ಎಂಬ ಸದ್ದು... ಮೊದಲು ಸಣ್ಣಗೆ, ಆಮೇಲೆ ಹೆಚ್ಚಾಗುತ್ತ... ನನ್ನ ಚಪ್ಪಲಿಯಡಿಯಲ್ಲೇ ಹಾದು ಮೂರನೇ ಬೆಡ್‌ನ ಕಡೆಗೆ ಹೋಯಿತು. ದೇವರಾಣೆಗೂ ಹೋಯಿತು. ಅಂಗಾಲಿಗೆ ಅದರ ಕಂಪನ ತಗುಲಿದ್ದು ನನಗೆ ಗೊತ್ತಿದೆ.

ಆಮೇಲೆ ಎಲ್ಲ ನಿಂತಿತು. ವಾಸನೆಯೂ ಇಲ್ಲ. ಅಜ್ಜ ಕಣ್ಣು ಮುಚ್ಚಿದ್ದ.

ಮಹಬೂಬಿ ಚಹಾ ತಂದವಳು ನನ್ನ ಮುಖ ನೋಡಿ, "ಏನಾತು ಸಿಸ್ಟರ್, ಬೆವತೀರಲ್ಲ?" ಎಂದಳು. ಏನಿಲ್ಲ ಎಂದೆ. ಸವಿತಾಳ ಹಾಸಿಗೆಯ ಕಡೆ ತಿರುಗಿ ನೋಡುವ ಧೈರ್ಯ ಬರಲು ಕಾಲು ಗಂಟೆ ಹಿಡಿಯಿತು. ಕೊಳವೆಯಲ್ಲಿ ಹನಿ ಬೀಳುತ್ತಿತ್ತು. ಟಪ್... ಟಪ್... ಆಮೇಲೆ ಸಣ್ಣ ಧಾರೆ. ಮೂರೂವರೆಗೆ ಇಪ್ಪತ್ತು ಎಂಎಲ್. ನಾಲ್ಕೂವರೆಗೆ ಅರವತ್ತು. ಐದೂವರೆಗೆ ನೂರು ದಾಟಿತ್ತು.

ಆರಕ್ಕೆ ಬಂದ ಪರಶುರಾಮನನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ಚೀಲ ತೋರಿಸಿದೆ. ಆ ಗಟ್ಟಿ ಆಳು ಅಲ್ಲೇ ಕುಸಿದು, ಚೀಲ ಹಿಡಿದುಕೊಂಡು ಅತ್ತ. ಗಾಡಿ ಖಾಲಿ ಹೋಯಿತು. ನಾನೂ ಅತ್ತೆ. ಅಷ್ಟು ಸಂತೋಷ ನನಗೆ ಆ ಆಸ್ಪತ್ರೆಯಲ್ಲಿ ಹಿಂದೆಂದೂ ಆಗಿರಲಿಲ್ಲ.

ಅಜ್ಜನ ಚೀಲ ನೋಡಿದ್ದು ಆಮೇಲೆ. ರಾತ್ರಿಯಿಡೀ ಆ ಪರದೆಯನ್ನು ಮತ್ತೆ ಸರಿಸಿರಲಿಲ್ಲ. ಚಾರ್ಟಿನಲ್ಲಿ ಎರಡೂವರೆವರೆಗೆ ಗಂಟೆಗೆ ನಲವತ್ತು. ಅಲ್ಲಿಂದಾಚೆಗೆ ಚೀಲಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ.

ಕೊಳವೆ ಕಟ್ಟಿದೆಯೇ ನೋಡಿದೆ, ಬದಲಾಯಿಸಿದೆ, ಡಾಕ್ಟರನ್ನು ಕರೆದೆ. ಅವರು ಎಲ್ಲ ಮಾಡಿದರು. ಮಷಿನ್ ಹಾಕಲು ಹೋದರೆ ಬಿಪಿ ನಿಲ್ಲಲಿಲ್ಲ. ಮೂರನೇ ದಿನ ಅಜ್ಜ ಹೋದ. ಡಾಕ್ಟರು ಎರಡೂ ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಸ್ಯಾಂಪಲ್ ಅದಲು ಬದಲಾಗಿರಬೇಕೆಂದು ಲ್ಯಾಬಿಗೆ ಫೋನ್ ಮಾಡಿ ವಿಚಾರಿಸಿದರು. ಆಗಿಲ್ಲವಂತೆ. "ನಂಜು ಮತ್ತೆ ಏರಿರಬೇಕು ಸಿಸ್ಟರ್. ಮಾರ್ಕರ್ ಒಂದು ಅಂದಾಜು ಅಷ್ಟೆ," ಎಂದರು. ಇದ್ದರೂ ಇರಬಹುದು. ನಾನೂ ನನಗೆ ಹಾಗೆಂದೇ ಹೇಳಿಕೊಳ್ಳುತ್ತೇನೆ.

ದೇಹವನ್ನು ಗಾಡಿಗೆ ಏರಿಸಿದ ಮೇಲೆ ಗಿರಿಜಾ ನನ್ನನ್ನು ಹುಡುಕಿಕೊಂಡು ಬಂದಳು. ಕಣ್ಣು ಊದಿದ್ದವು.

"ಸಿಸ್ಟರ್, ಒಂದು ಮಾತು ಕೇಳ್ತೀನಿ. ಆ ರಾತ್ರಿ ಅಪ್ಪ ನಿಮ್ಮ ಹತ್ರ ಏನಾದ್ರೂ ಕೇಳಿದ್ನೇನ್ರೀ?"

"ಇಲ್ಲಮ್ಮ. ನಿದ್ದೆಯಲ್ಲೇ ಇದ್ರು. ಯಾಕೆ?"

"ಏನಿಲ್ರೀ. ಮನ್ಯಾಗೂ ಜ್ವರ ಬಂದ್ರೆ ಕೇಳ್ತಿದ್ದ, ಯಾರಿಗೆ ಬಿಡ್ಲಿ ಅಂತ. ನಾವು ಯಾರೂ ಉತ್ರ ಕೊಡ್ತಿರ್ಲಿಲ್ಲ, ಅವ್ವ ಕೊಡಾಕೆ ಬಿಡ್ತಿರ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ತಾನಾಗೇ ಒಂದಿನಾನೂ ತೂಬು ಎತ್ತಿದವನಲ್ಲ ನಮ್ಮಪ್ಪ. ಯಾರಾದ್ರೂ ಬಿಡು ಅನ್ಬೇಕಿತ್ತು."

ನನ್ನ ಕೈಯನ್ನು ಒಮ್ಮೆ ಒತ್ತಿ ಹಿಡಿದು, ಚೆನ್ನಾಗಿ ನೋಡ್ಕೊಂಡ್ರಿ ಎಂದು ಹೇಳಿ ಗಾಡಿ ಹತ್ತಿದಳು.

ಸವಿತಾ ಈಗ ಆರಾಮಾಗಿದ್ದಾಳೆ. ಕೂಸನ್ನು ಎತ್ತಿಕೊಂಡು ಎರಡು ಸಲ ನನ್ನನ್ನು ನೋಡಲು ಬಂದಿದ್ದಳು. ಆ ಕೂಸು ನಕ್ಕಾಗ ನಾನು ಮಾಡಿದ್ದು ಸರಿ ಅನಿಸುತ್ತದೆ. ಅವರು ಹೋದ ಮೇಲೆ ಹಾಗೆ ಅನಿಸುವುದಿಲ್ಲ.

ನಾನಿನ್ನೂ ನೈಟ್ ಡ್ಯೂಟಿ ಮಾಡುತ್ತಿದ್ದೇನೆ. ಮಂಪರಿನಲ್ಲಿರುವ ರೋಗಿ ಏನಾದರೂ ಕೇಳಿದರೆ ಮೊದಲೆಲ್ಲ ಸಮಾಧಾನಕ್ಕೆ ಹೂಂ ಎನ್ನುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ನೀರು ಕೊಡಲೇ ಎಂದು ಕೇಳುವುದಕ್ಕೂ ನನಗೆ ಬಾಯಿ ಬರುವುದಿಲ್ಲ.