ಅಟ್ಟದ ಮೇಲಿನ ವೈನೂ ಸೆವ್ರಿನ್ ಬಾಯಿಯ ಸಿಟ್ಟೂ

ಕಡಬದ ಈ ಮನೆಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಉಪ್ಪಿನಂಗಡಿಯಿಂದ ಮೊದಲ ಬಸ್ಸಿಗೆ ಬಂದಿಳಿದ ಸೆವ್ರಿನ್ ಬಾಯಿ ಸೊಂಟಕ್ಕೆ ಕೈ ಕೊಟ್ಟು, ಒಲೆಯ ಮೇಲಿನ ಅಟ್ಟವನ್ನೇ ದುರುಗುಟ್ಟಿ ನೋಡುತ್ತಿದ್ದಾರೆ. ಮನೆ ಯಜಮಾನ ಬೊನಿಫಾಸ್ ಅಲ್ಲಿಂದ ಮಸಿ ಹಿಡಿದ ಬಾಟಲಿಗಳನ್ನು ಒಂದೊಂದಾಗಿ ಇಳಿಸುತ್ತಿದ್ದಾರೆ. ಮಗಳು ರೆನಿಟಾ ಹುಟ್ಟಿದ ವರ್ಷ ಬಾಯಿಯೇ ಮಾಡಿಕೊಟ್ಟ ಕಪ್ಪುದ್ರಾಕ್ಷಿಯ ವೈನ್ ಅದು. ನಾಳೆ ರೆನಿಟಾಳ ಮದುವೆ. ಮದುಮಕ್ಕಳಿಗೆ ಶುಭ ಕೋರಿ ಗ್ಲಾಸು ಎತ್ತುವಾಗ ಇದೇ ವೈನ್ ಆಗಬೇಕೆಂದು ಅಪ್ಪನ ಹಟ.

"ದೇವರೇ! ಒಲೆ ಮೇಲೆ ಯಾರಾದ್ರೂ ವೈನ್ ಇಡ್ತಾರಾ ಮಾರಾಯ್ರೆ? ನೆಲದಲ್ಲಿ, ತಂಪಲ್ಲಿ ಇಡಿ ಅಂತ ಅವತ್ತೇ ಬಡ್ಕೊಂಡಿದ್ದೆ!"

"ಬೆಲ್ಲ, ಹುಣಸೆಹುಳಿ, ಬಿತ್ತನೆ ಬೀಜ ಎಲ್ಲ ಅಟ್ಟದಲ್ಲೇ ಇಡುದಲ್ವಾ ಬಾಯಿ? ಒಂದೂ ಹಾಳಾಗ್ಲಿಲ್ಲ" ಎನ್ನುತ್ತಾರೆ ಬೊನಿಫಾಸ್. "ವೈನ್ ಹಳತಾದಷ್ಟು ಒಳ್ಳೇದಂತೆ."

ಅಂತೆ! ಈ 'ಅಂತೆ'ಯ ಜೊತೆ ಹೊಡೆದಾಡಿಯೇ ಬಾಯಿಗೆ ಸಾಕುಬೇಕಾಗಿದೆ. ಗಂಡ ತೀರಿಹೋದ ಮೇಲೆ ಹಿಡಿದ ಕೆಲಸ ಇದು. ಕ್ರಿಸ್‌ಮಸ್‌ಗೆ ತಿಂಗಳಿರುವಾಗಲೇ ಪುತ್ತೂರು, ಸುಳ್ಯ, ಕಡಬ ಎಂದು ಮನೆಮನೆಗೆ ಹೋಗಿ ದ್ರಾಕ್ಷಿ ಕಿವುಚುತ್ತಾರೆ, ಸಕ್ಕರೆ, ಗೋಧಿ, ಲವಂಗ ಸೇರಿಸಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಉಗುರಿನ ಸಂದಿಯ ಕೆಂಪು ಈಸ್ಟರ್‌ವರೆಗೂ ಹೋಗುವುದಿಲ್ಲ. ರುಚಿಯಾದರೆ ಅದು 'ನಮ್ಮ ಮನೆಯ ವೈನ್'. ಹುಳಿಯಾದರೆ ಮಾತ್ರ 'ಸೆವ್ರಿನ್ ಬಾಯಿ ಮಾಡಿದ್ದು'. ಯಾರಿಗೆ ಹೇಳುವುದು!

ಬಾಯಿ ಚಾಕುವಿನಿಂದ ಮೇಣ ಕೆರೆದು ಬಿರಡೆ ತೆಗೆಯುತ್ತಾರೆ. ಕಡುಗೆಂಪು ಬಣ್ಣ ಚಹಾದಂತೆ ಕಂದಿದೆ. ಮೊದಲು ಲವಂಗದ ಪರಿಮಳ ಬರುತ್ತದೆ, ಬಾಯಿಯ ಮುಖ ಒಂದು ಕ್ಷಣ ಅರಳುತ್ತದೆ. ಒಂದು ಗುಟುಕು ಕುಡಿದದ್ದೇ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ.

"ವಿನೆಗರ್ ಇದು. ಶುದ್ಧ ವಿನೆಗರ್."

ಬೊನಿಫಾಸ್ ತಾವೂ ಕುಡಿದು ಕೆಮ್ಮುತ್ತಾರೆ. "ಸ್ವಲ್ಪ ಹುಳಿ ಉಂಟು ಅಷ್ಟೆ. ನಡೀತದೆ."

"ನಿಮಗೆ ನಡೀತದೆ! ನಾಳೆ ಅಷ್ಟು ಜನ ಮುಖ ಕಿವುಚಿದ್ರೆ ಹೋಗುದು ನನ್ನ ಹೆಸರು. ಇದನ್ನು ಗ್ಲಾಸಿಗೆ ಹಾಕ್ಲಿಕ್ಕೆ ನಾನು ಬಿಡುದಿಲ್ಲ."

ಬೊನಿಫಾಸ್ ಮೆಟ್ಟಿಲ ಮೇಲೆ ಕುಸಿದು ಕೂರುತ್ತಾರೆ. ಮಗಳಿಗಾಗಿ ಇಷ್ಟು ವರ್ಷ ಕಾದಿಟ್ಟದ್ದು. ಬಾಯಿಗೆ ಸಿಟ್ಟು ಒಂದು ಕಡೆ, ಅಯ್ಯೋ ಪಾಪ ಅನ್ನಿಸುವುದು ಇನ್ನೊಂದು ಕಡೆ. ಕೊನೆಗೆ ಸೆರಗು ಬಿಗಿದು ಕೇಳುತ್ತಾರೆ: "ಇವತ್ತು ರೋಸ್ ಊಟಕ್ಕೆ ಹಂದಿ ಮಾಂಸ ಬಂತಾ?"

ಮದುವೆಯ ಮುನ್ನಾದಿನದ ಆ ಊಟಕ್ಕೆ ಮಸಾಲೆಯನ್ನು ಬಾಯಿಯೇ ನಿಂತು ಅರೆಸುತ್ತಾರೆ, ಅಂಗಡಿಯ ವಿನೆಗರ್ ಬದಲು ಅಟ್ಟದ ಬಾಟಲಿಗಳನ್ನು ಸುರಿಸುತ್ತಾರೆ. ನಾಳೆಯ ಗ್ಲಾಸುಗಳಿಗೆ ಕಳೆದ ವರ್ಷದ ತಮ್ಮದೇ ವೈನ್ ತರಿಸುತ್ತಾರೆ. "ನಮ್ಮ ದ್ರಾಕ್ಷಿ ತಿನ್ನುವ ದ್ರಾಕ್ಷಿ, ವೈನಿನ ಜಾತಿದಲ್ಲ. ಒಂದು ವರ್ಷ ಚಂದ ಇರ್ತದೆ, ಮತ್ತೆ ಇಳೀತದೆ. ಇಟ್ಟು ಎಂತ ಮಾಡುದು?"

ಸಂಜೆ ಪಂಕ್ತಿಯಲ್ಲಿ ಮಾಂಸಕ್ಕೆ ಎರಡೆರಡು ಸಲ ಕೇಳುವವರೇ. ಬೊನಿಫಾಸ್ ಎದೆಯುಬ್ಬಿಸಿ ಪ್ರತಿ ಎಲೆಯ ಮುಂದೆ ನಿಂತು, "ಇದಕ್ಕೆ ರೆನಿಟಾ ಹುಟ್ಟಿದ ವರ್ಷದ ವೈನ್ ಹಾಕಿದ್ದು! ನಾನು ಇಟ್ಟದ್ದು ದಂಡ ಆಗ್ಲಿಲ್ಲ ನೋಡಿ!" ಎನ್ನುತ್ತಾರೆ. ಬಾಯಿ ಹಣೆ ಚಚ್ಚಿಕೊಳ್ಳುತ್ತಾರೆ.

ಹೊರಟ ಬಾಯಿಯನ್ನು ಬೊನಿಫಾಸ್ ಅಂಗಳದಲ್ಲಿ ತಡೆಯುತ್ತಾರೆ. ರೆನಿಟಾಗೆ ಮಗುವಾದಾಗ ಇನ್ನೊಂದು ಭರಣಿ ಬೇಕಂತೆ, ಈ ಸಲ ನೆಲದಲ್ಲೇ ಇಡುತ್ತಾರಂತೆ.

"ಮಾಡಿಕೊಡ್ತೇನೆ," ಎನ್ನುತ್ತಾರೆ ಸೆವ್ರಿನ್ ಬಾಯಿ. "ಇಡ್ಲಿಕ್ಕಲ್ಲ. ನಾನು ಬದುಕಿರುವಾಗ ಕುಡೀರಿ, ಹೇಗಾಗಿದೆ ಅಂತ ನನಗೆ ಒಂದು ಮಾತು ಹೇಳಿ."