ಸುಶೀಲವ್ವ ಕಂಚಿನ ದೈತ್ಯನನ್ನು ಕೆಡವಿದ್ದು

ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಸುಶೀಲವ್ವ ಇಪ್ಪತ್ತೆರಡು ವರ್ಷ ಮಾಡಿದ ಕೆಲಸ ಒಂದೇ: ನೋಡುವುದು. ಕತ್ತರಿಸಿ ಬಂದ ಹಾಳೆಗಳ ರಾಶಿ ಮುಂದಿರುತ್ತಿತ್ತು. ಒಂದೊಂದೇ ಹಾಳೆಯ ಮೂಲೆ ಎತ್ತಿ ಸರ್ರನೆ ಮಗುಚುತ್ತ, ಚುಕ್ಕೆ ಬಿದ್ದದ್ದು, ಸುಕ್ಕಾದದ್ದು, ಅಂಚು ಹರಿದದ್ದು ಕಂಡರೆ ಎಳೆದು ಪಕ್ಕಕ್ಕಿಡಬೇಕು. ನಗುತ್ತ, ಹರಟುತ್ತ, ಪಕ್ಕದವಳ ಮಗಳ ಸೀಮಂತದ ಸುದ್ದಿ ಕೇಳುತ್ತ ಮಾಡಿದರೂ ಒಂದು ಚುಕ್ಕೆ ಆಕೆಯ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಐವತ್ತೇಳಕ್ಕೆ ಕೆಲಸ ಬಿಟ್ಟು ಮನೆಯಲ್ಲಿ ಕೂತಾಗ ಆ ಕಣ್ಣಿಗೆ ಮಾಡಲು ಏನೂ ಉಳಿಯಲಿಲ್ಲ. ಈಗಿನ ಅಕ್ಕಿಯಲ್ಲಿ ಕಲ್ಲು ಕೂಡ ಬರುವುದಿಲ್ಲ.

ಗಂಡ ಶೇಖಪ್ಪ ಅದೇ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿದ್ದು ನಿವೃತ್ತನಾದವನು. ದೀಪಾವಳಿಗೆ ಸೊಸೈಟಿಯವರು ತೆಗೆದ ಲಕ್ಕಿ ಡ್ರಾದಲ್ಲಿ ಅವನಿಗೆ ಟಿವಿಗೆ ಹಚ್ಚಿ ಆಡುವ ಗೇಮ್ ಪೆಟ್ಟಿಗೆ ಬಂತು. ಸುಶೀಲವ್ವನ ಆಸೆ ಇದ್ದದ್ದು ಮೂರನೇ ಬಹುಮಾನದ ಮಿಕ್ಸರ್ ಮೇಲೆ. ಹಳಿಯಾಳದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಮಗಳು ಸ್ವಪ್ನಾ ಮಾತ್ರ ಕುಣಿದಾಡಿದಳು. ಭಾನುವಾರ ಕೂತು ಅಪ್ಪನಿಗೆ ಒಂದು ಆಟ ಕಲಿಸಿಯೂ ಕೊಟ್ಟಳು. ಅದರಲ್ಲಿ ಏಳು ಕೋಟೆಗಳು, ಕೋಟೆಗೊಬ್ಬ ಕಾವಲುಗಾರ. ಕೈಯಲ್ಲಿ ಆಯುಧ ಹಿಡಿದ ನಮ್ಮ ವೀರ ಒಬ್ಬೊಬ್ಬರನ್ನೇ ಸೋಲಿಸುತ್ತ ಹೋಗಬೇಕು. ಡಬ್ಬಿಯ ಮೇಲಿನ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಮನೆಯಲ್ಲಿ ಅದು ‘ಏಳು ಕೋಟೆ’ಯಾಯಿತು.

ಆಟ ಶುರುವಾಗುವ ಮುಂಚೆ ಅದು ಕೇಳುತ್ತಿತ್ತು: ಸುಲಭವೋ, ಸಾಧಾರಣವೋ, ಕಠಿಣವೋ?

“ಮೂವತ್ನಾಲ್ಕು ವರ್ಷ ಬೆಂಕಿ ಮುಂದ ನಿಂತಾಂವ ನಾ. ಸುಲಭ ಒತ್ಲೇನು?” ಎಂದು ಶೇಖಪ್ಪ ಕಠಿಣವನ್ನೇ ಒತ್ತಿದ. ಆಟದಲ್ಲಿ ಮೇಲೇರಿದಂತೆ ಅಂಕಗಳು ಸಿಗುತ್ತಿದ್ದವು. ಅವನ್ನು ಶಕ್ತಿಗೆ, ದಮ್ಮಿಗೆ, ಚುರುಕಿಗೆ, ಮಂತ್ರಕ್ಕೆ ಬೇಕಾದ ಹಾಗೆ ಹಂಚಬಹುದಿತ್ತು. ಶೇಖಪ್ಪ ಎಲ್ಲವನ್ನೂ ಶಕ್ತಿಗೇ ಸುರಿದ. ಮೈತುಂಬ ಕಬ್ಬಿಣದ ಕವಚ ತೊಡಿಸಿ, ಕೈಗೆ ಆಳೆತ್ತರದ ಕೊಡಲಿ ಕೊಟ್ಟ. ಎರಡು ಕೋಟೆ ಹಾಗೇ ಗೆದ್ದ. ಮೂರನೆಯದರ ಬಾಗಿಲಲ್ಲಿ ಕಂಚಿನ ದೈತ್ಯ ನಿಂತಿದ್ದ. ಎರಡೇ ಏಟು, ಶೇಖಪ್ಪನ ವೀರ ಅಂಗಾತ.

ಸೊಪ್ಪು ಸೋಸುತ್ತ ಕೂತ ಸುಶೀಲವ್ವ ಮೊದಮೊದಲು ಓರೆಗಣ್ಣಿನಿಂದ ನೋಡುತ್ತಿದ್ದಳು. ಗಂಡ ಮೂವತ್ತೊಂದನೇ ಸಲ ಸತ್ತಾಗ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು.

“ರೀ, ಅಂವಾ ಹೊಡಿಯೂಕಿಂತ ಮೊದಲ ಎಡಗಡೆ ಹೆಗಲು ಏರಸ್ತಾನ. ನೋಡೀರೇನು?”

“ಸುಮ್ನಿರ ನೀ.”

“ಮೂರು ಹೊಡೆತ ಹೊಡೀತಾನ, ಆಮ್ಯಾಲೆ ನಿಂತು ಉಸಿರು ಬಿಡತಾನ. ಆವಾಗ ಹೊಡೀರಿ.”

ಶೇಖಪ್ಪ ಕಾದ. ಒಂದು, ಎರಡು, ಮೂರು. ದೈತ್ಯ ಉಸಿರು ಬಿಟ್ಟ. ಶೇಖಪ್ಪ ಕೊಡಲಿ ಎತ್ತಿದ. ಅದು ಮೇಲೆದ್ದು ಕೆಳಗೆ ಬರುವಷ್ಟರಲ್ಲಿ ದೈತ್ಯನ ಉಸಿರು ಮುಗಿದು, ನಾಲ್ಕನೇ ಏಟು ಬಿದ್ದಿತ್ತು.

“ನಿನ್ನ ಮಾತು ಕೇಳಿ ಸತ್ತೆ ನೋಡ!”

“ನನ್ನ ಮಾತಿಗಲ್ಲರಿ, ನಿಮ್ಮ ಕೊಡ್ಲಿಗೆ ಸತ್ರಿ. ಅಷ್ಟು ಭಾರದ್ದು ಯಾಕ ಬೇಕು?”

ಕೊಡಲಿಯ ಮಾತೆತ್ತಿದ್ದು ಶೇಖಪ್ಪನಿಗೆ ಸೇರಲಿಲ್ಲ. ಎರಡು ದಿನ ಅವನು ಆಟದ ಸುದ್ದಿಗೇ ಹೋಗಲಿಲ್ಲ. ಬೆಳಿಗ್ಗೆ ನಾಷ್ಟಾ ಮಾಡಿ ಹೊರಗೆ ಹೋದರೆ ಹಳೆಯ ಗೆಳೆಯರೊಡನೆ ಕೂತು ಊಟದ ಹೊತ್ತಿಗೇ ಮನೆಗೆ. ಮೂರನೇ ದಿನ ಸುಶೀಲವ್ವ ಮಗಳಿಗೆ ಫೋನು ಹಚ್ಚಿದಳು.

“ಸ್ವಪ್ನಾ, ನಾ ಬ್ಯಾರೆ ಹೊಸಾ ಆಟ ಶುರು ಮಾಡಬೇಕಂದ್ರ ಏನು ಒತ್ತಬೇಕ?”

ಆ ಕಡೆಯಿಂದ ಮಗಳ ನಗು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

ಸುಶೀಲವ್ವ ತನ್ನ ವೀರೆಗೆ ಯಲ್ಲವ್ವ ಎಂದು ಹೆಸರಿಟ್ಟಳು. ಅದು ಆಕೆಯ ತಾಯಿಯ ಹೆಸರು. ಕಠಿಣವನ್ನೇ ಆರಿಸಿದಳು, ಸುಲಭದಲ್ಲಿ ಕಂಚಿನ ದೈತ್ಯನಿಗೆ ಸಿಟ್ಟೇ ಬರುವುದಿಲ್ಲ ಎಂದು ಸ್ವಪ್ನಾ ಹೇಳಿದ್ದಳು. ದಿನಾ ಬೆಳಿಗ್ಗೆ ಗಂಡ ಹೊರಗೆ ಹೋದ ಮೇಲೆಯೇ ಆಡುತ್ತಿದ್ದಳು. ಮೊದಲ ವಾರವೆಲ್ಲ ಯಲ್ಲವ್ವ ಗೋಡೆಗೆ ಹಾಯ್ದಳು, ಬಾವಿಗೆ ಬಿದ್ದಳು, ಒಂದು ನರಿಯ ಕೈಲಿ ಆರು ಸಲ ಸತ್ತಳು. ಆದರೆ ಹಾಳೆ ಮಗುಚಿ ಪಳಗಿದ ಹೆಬ್ಬೆರಳುಗಳು ಗುಂಡಿಗಳಿಗೆ ಬೇಗ ಒಗ್ಗಿಕೊಂಡವು. ಸುಶೀಲವ್ವ ಮೊದಲ ಅಂಕಗಳನ್ನೆಲ್ಲ ದಮ್ಮಿಗೆ ಹಾಕಿದಳು. ಓಡುವುದಕ್ಕೂ ಹೊರಳುವುದಕ್ಕೂ ದಮ್ಮೇ ಬೇಕು. ಅದು ಮುಗಿದಾಗಲೇ ವೈರಿಯ ಕೈಗೆ ಸಿಗುವುದು ಎಂಬುದನ್ನು ಗಂಡನ ಸಾವುಗಳಲ್ಲಿ ಆಕೆ ಗಮನಿಸಿದ್ದಳು. ನಂತರದವು ಚುರುಕಿಗೆ. ಕವಚದ ಬದಲು ತೊಗಲಿನ ಅಂಗಿ. ಕೊಡಲಿಯ ಬದಲು ಹಗುರ ಈಟಿ, ಅದರ ತುದಿಗೆ ಕಾಡಿನ ಗಿಡಗಳಿಂದ ಅರೆದ ವಿಷ. ಒಮ್ಮೆ ಆಸೆಬಿದ್ದು ಬೆಂಕಿಮಂತ್ರಕ್ಕೆ ಎಂಟು ಅಂಕ ಹಾಕಿ ಕೆಟ್ಟಳು. ಆಟದಲ್ಲಿ ಬುಗ್ಗೆಯ ಬಳಿ ಕೂತಿರುವ ಮುದುಕಿಗೆ ನೀಲಿ ಹರಳು ಕೊಟ್ಟರೆ ಹಂಚಿದ ಅಂಕಗಳು ವಾಪಸು ಸಿಗುತ್ತವೆ ಎಂದು ಸ್ವಪ್ನಾ ಹೇಳಿಕೊಟ್ಟಳು. ಆ ಎಂಟನ್ನೂ ಬಿಡಿಸಿಕೊಂಡು ಬಂದು ಚುರುಕಿಗೇ ಹಾಕಿದಳು.

ಎರಡನೇ ತಿಂಗಳು ನಡೆದಿತ್ತು. ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಬೇಳೆಗೆ ಕುಕ್ಕರ್ ಇಟ್ಟು ಬಂದು ಆಕೆ ದೈತ್ಯನ ಮುಂದೆ ನಿಂತಳು. ಹೆಗಲು ಏರಿತು. ಸುಶೀಲವ್ವ ಹಿಂದಕ್ಕೆ ಸರಿಯಲಿಲ್ಲ. ಅವನ ಕಡೆಗೇ, ಕಾಲುಗಳ ನಡುವೆಯೇ ಹೊರಳಿದಳು. ದೂರ ಓಡಿದವರಿಗೆ ಅವನ ಗದೆ ಮುಟ್ಟುತ್ತದೆ, ಬುಡದಲ್ಲಿದ್ದವರಿಗೆ ಇಲ್ಲ. ಮೂರು ಹೊಡೆತ ಮುಗಿಯಿತು. ಈಟಿಯಿಂದ ಎರಡು ಚುಚ್ಚಿದಳು, ಸರಿದಳು. ಮತ್ತೆ ಮೂರು, ಮತ್ತೆ ಎರಡು. ಕುಕ್ಕರ್ ಕೂಗಿತು, ಆಕೆ ಏಳಲಿಲ್ಲ. ಐದನೇ ಸೀಟಿಗೆ ದೈತ್ಯ ಮೊಣಕಾಲೂರಿದ, ಏಳನೆಯದಕ್ಕೆ ಮುಗ್ಗರಿಸಿ ಬಿದ್ದ.

ಮನೆಯಲ್ಲಿ ಯಾರೂ ಇರಲಿಲ್ಲ. ಸುಶೀಲವ್ವ ಎದ್ದು ನಿಂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಕೈ ತೆಗೆದು, ಪಕ್ಕದ ಮನೆಗೂ ಕೇಳುವಂತೆ ಒಂದು ಸಲ ಕೂಗಿದಳು.

ಊಟಕ್ಕೆ ಬಂದ ಶೇಖಪ್ಪನಿಗೆ ಬೇಳೆ ಸೀದ ವಾಸನೆ ಬಡಿಯಿತು, ಪರದೆಯ ಮೇಲೆ ತೆರೆದ ಮೂರನೇ ಕೋಟೆಯ ಬಾಗಿಲು ಕಂಡಿತು. ಅವನು ಚಪ್ಪಲಿ ಬಿಡುವುದನ್ನೂ ಮರೆತು ನಿಂತ.

“ಯಾರು ಆಡಿದ್ರು?”

“ಯಲ್ಲವ್ವ.”

“ಯಾವ ಯಲ್ಲವ್ವ?”

“ನಮ್ಮವ್ವ ರೀ, ನಿಮ್ಮ ಅತ್ತಿ!” ಎಂದು ಸುಶೀಲವ್ವ ನಗತೊಡಗಿದಳು. ಶೇಖಪ್ಪನಿಗೂ ನಗು ತಡೆಯಲಾಗಲಿಲ್ಲ. ನಕ್ಕು ಸುಸ್ತಾಗಿ ಕೂತವನು, ಸೀದ ಬೇಳೆಯನ್ನೇ ಅನ್ನಕ್ಕೆ ಕಲಸುತ್ತ, “ಹೆಂಗ ಮಾಡಿದಿ, ನನಗೂ ಹೇಳ” ಎಂದ. ಸಂಜೆ ಅವನೇ ಬುಗ್ಗೆಯ ಮುದುಕಿಯ ಬಳಿ ಹೋಗಿ ಶಕ್ತಿಗೆ ಸುರಿದ ಅಂಕಗಳನ್ನೆಲ್ಲ ಬಿಡಿಸಿಕೊಂಡು ಬಂದ.

ಆ ಭಾನುವಾರ ಸ್ವಪ್ನಾ ಅವ್ವನ ಮಾತುಗಳನ್ನು ಫೋನಿನಲ್ಲಿ ಹಿಡಿದು, ಆಟ ಆಡುವ ಕನ್ನಡದವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದಳು. “ಅಂವಾ ಹೊಡೆತ ಮುಗಸೂ ತನಕಾ ಜೀವ ತುಂಬೂ ಔಷಧಿ ಕುಡೀಬ್ಯಾಡ್ರಿ, ಬಾಟ್ಲಿ ಎತ್ತಿದಾಗನ ಹೊಡೀತಾನ. ಎರಡು ಚುಚ್ರಿ, ಸರೀರಿ. ಮೂರನೇದ್ದೂ ಚುಚ್ಚತೇನಿ ಅಂದ್ರ ಸತ್ರಿ.” ಇಂಥವೇ ಮಾತುಗಳು. ವಾರದೊಳಗೆ ಸುಶೀಲಕ್ಕನ ಧ್ವನಿಗೆ ಜನ ಕಾಯತೊಡಗಿದರು. ಮುಂಡಗೋಡದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಉದಯಕುಮಾರ ಎಂಬವರಂತೂ, “ಅಕ್ಕಾರ, ನಾಲ್ಕು ತಿಂಗಳಾತು, ಅದ ದೈತ್ಯನ ಮುಂದ ನಿಂತೇನಿ. ಒಮ್ಮೆ ಬಂದು ನಿಮ್ಮ ಮುಂದ ಆಡಲ್ಯಾ?” ಎಂದು ಕೇಳಿದರು.

ಮುಂದಿನ ಭಾನುವಾರ ಅವರು ಹೆಂಡತಿ ಮಧುಮತಿಯವರನ್ನೂ ಕರೆದುಕೊಂಡು ಬಂದೇಬಿಟ್ಟರು. ಕೈಯಲ್ಲಿ ಒಂದು ನೋಟ್‌ಬುಕ್ಕು. ಯಾವ ಆಯುಧಕ್ಕೆ ಎಷ್ಟು ಪೆಟ್ಟು, ಯಾವ ಅಂಕ ಎಲ್ಲಿ ಎಂದು ಪುಟಗಟ್ಟಲೆ ಲೆಕ್ಕ. ಸುಶೀಲವ್ವ ನೋಡಿದಳು. ಅಂಕಗಳ ಹಂಚಿಕೆ ತನ್ನದಕ್ಕಿಂತ ಚೆನ್ನಾಗಿತ್ತು. ಆದರೂ ತಮ್ಮ ಖಾತೆ ತೆರೆದು, ಈಟಿ ಹಿಡಿದ ತಮ್ಮ ವೀರನನ್ನು ಆಡಿಸಿದ ಮೇಷ್ಟ್ರು ಅರ್ಧ ತಾಸಿನಲ್ಲಿ ಒಂಬತ್ತು ಸಲ ಸತ್ತರು. ಸುಶೀಲವ್ವ ಅಷ್ಟೂ ಹೊತ್ತು ಟಿವಿ ನೋಡಲಿಲ್ಲ, ಮೇಷ್ಟ್ರ ಮುಖವನ್ನೇ ನೋಡುತ್ತ ಕೂತಿದ್ದಳು.

“ಸರ, ನೀವು ದೈತ್ಯನ್ನ ನೋಡವಲ್ರಿ. ಮ್ಯಾಲೆ ಮೂಲ್ಯಾಗ ನಿಮ್ಮ ಜೀವದ್ದು ಕೆಂಪು ಗೆರಿ ಐತೆಲ್ಲ, ಅದನ್ನ ನೋಡಾಕತ್ತೀರಿ. ಅದು ಎಷ್ಟು ಉಳೀತು ಅಂತ ನೋಡೂದ್ರಾಗ ಅವನ ಹೆಗಲು ತಪ್ಪತೈತಿ.”

“ನೋಡದ ಇರಾಕ ಆಗೂದಿಲ್ರಿ ಅಕ್ಕಾರ. ಕಣ್ಣು ತಾನ ಹೋಗತೈತಿ.”

ಸುಶೀಲವ್ವ ಒಳಗೆ ಹೋಗಿ ಪಾತ್ರೆ ಒರೆಸುವ ಅರಿವೆ ತಂದಳು. ಟಿವಿಯ ಎಡಮೂಲೆ ಮುಚ್ಚುವ ಹಾಗೆ ಇಳಿಬಿಟ್ಟು, ಮೇಲೆ ಬಟ್ಟೆ ಒಣಹಾಕುವ ಎರಡು ಕ್ಲಿಪ್ಪು ಸಿಕ್ಕಿಸಿದಳು. ಕೆಂಪು ಗೆರೆ ಮರೆಯಾಯಿತು.

“ಈಗ ಆಡ್ರಿ.”

ಮೇಷ್ಟ್ರು ಚಡಪಡಿಸಿದರು. ಮೊದಲ ಸಲ ಬೇಗನೇ ಸತ್ತರು, ಎರಡನೇ ಸಲ ಅರ್ಧ ದೂರ ಹೋದರು. ಮೂರನೇ ಸಲ ಅವರ ಭುಜಗಳು ಸಡಿಲವಾದವು. ಶೇಖಪ್ಪ ಬಾಯ್ಲರ್ ಮನೆಯ ಗಂಟಲಲ್ಲಿ “ಒಂದ್, ಎರಡ್, ಮೂರ್!” ಎಂದು ಕೂಗತೊಡಗಿದ, ಮಧುಮತಿಯವರು “ಚುಚ್ಚ್ರಿ!” ಎಂದರು, “ಎರಡ ಸಾಕು, ಸರೀರಿ!” ಎಂದು ಸ್ವಪ್ನಾ ಚೀರಿದಳು. ಸುಶೀಲವ್ವ ಮಾತ್ರ ಮೇಷ್ಟ್ರ ಕಣ್ಣನ್ನೇ ನೋಡುತ್ತಿದ್ದಳು. ದೈತ್ಯ ತೂರಾಡಿ ನೆಲಕ್ಕಪ್ಪಳಿಸಿದಾಗ ಮೇಷ್ಟ್ರು ಗೆದ್ದದ್ದು ಗೊತ್ತಾಗದೆ ಇನ್ನೂ ಎರಡು ಸಲ ಚುಚ್ಚಿದರು.

ಮಧುಮತಿಯವರು ಎದ್ದು ಹೋಗಿ ಅರಿವೆ ಸರಿಸಿದರು. ಕೆಂಪು ಗೆರೆಯಲ್ಲಿ ಉಳಿದದ್ದು ಸಾಸಿವೆಯಷ್ಟು.

“ಇದನ್ನ ನೋಡಿದ್ರ ನಾ ಅಲ್ಲೇ ಎದಿ ಒಡಕೊಂಡು ಸಾಯ್ತಿದ್ದೆ” ಎಂದು ಮೇಷ್ಟ್ರು ಬೆವರು ಒರೆಸಿಕೊಂಡರು.

ಆ ಮಧ್ಯಾಹ್ನ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡು ಎಲ್ಲರೂ ಊರ ಹತ್ತಿರದ ಮೌಳಂಗಿಗೆ ಹೋದರು. ಹೊಳೆಯ ದಂಡೆಯ ಮೇಲೆ ಊಟಕ್ಕೆ ಕೂತಾಗ ಮೇಷ್ಟ್ರು ನಾಲ್ಕನೇ ಕೋಟೆಯ ಕಾವಲುಗಾರ್ತಿಯ ಸುದ್ದಿ ತೆಗೆದರು. ಆಕೆಗೆ ಆರು ಕೈಯಂತೆ. ಸುಶೀಲವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದಳು: “ಮೊದಲ ಯಾವ ಕೈ ಎತ್ತತಾಳ್ರಿ?”