ಕೆಂಪಯ್ಯ ಠಾಣೆಯ ಮೆಟ್ಟಿಲು ಹತ್ತಿದ್ದು

ನಾಗರಬಾವಿಯ ಹಳೇ ಊರಿನ ಕೆಂಪಯ್ಯನ ವಂಶದಲ್ಲಿ ಏಳು ತಲೆಮಾರಿನಿಂದ ಒಬ್ಬರೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರಲ್ಲ. ಏಳು ತಲೆಮಾರಿನ ಹಿಂದೆ ಠಾಣೆಯೇ ಇರಲಿಲ್ಲವಲ್ಲ ಎಂದು ಯಾರಾದರೂ ತಕರಾರು ತೆಗೆದರೆ, ಇದ್ದಿದ್ದರೂ ಹತ್ತುತ್ತಿರಲಿಲ್ಲ ಎನ್ನುವುದು ಅವನ ಉತ್ತರ. ಅವನ ತಾತನಿಗಂತೂ ಮೆಟ್ಟಿಲೆಂದರೇ ಆಗದು. ಹತ್ತಿ ಅಭ್ಯಾಸವಾಗಿಬಿಟ್ಟರೆ ನಾಳೆ ಠಾಣೆಯದನ್ನೂ ಹತ್ತಬೇಕಾದೀತು ಎಂದು ಹೆದರಿ ಆತ ಮನೆಗೆ ಮಹಡಿಯನ್ನೇ ಕಟ್ಟಿಸಲಿಲ್ಲ. ಅಟ್ಟದಿಂದ ರಾಗಿ ಇಳಿಸಬೇಕಾದರೂ ಪಕ್ಕದ ಮನೆಯವರನ್ನು ಏಣಿ ಹತ್ತಿಸುತ್ತಿದ್ದನಂತೆ.

ಇಂಥ ಮನೆಯ ಮಗಳು ಕೀರ್ತನಾ ಸಮಾಜಶಾಸ್ತ್ರದಲ್ಲಿ ಎಂ.ಎ. ಓದಲು ಹೊರಟಾಗ ಕೆಂಪಯ್ಯ ಅಡ್ಡ ಬರಲಿಲ್ಲ. ಯೂನಿವರ್ಸಿಟಿ ಮನೆಯ ಹಿಂದೆಯೇ ಇತ್ತು. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟಿಗೆ ಹೋಗಿ, ಉಳಿದ ಚೂರು ಜಾಗದಲ್ಲಿ ಅವನು ಸಾಲಾಗಿ ಕೋಣೆಗಳನ್ನು ಕಟ್ಟಿಸಿದ್ದ. ಅಲ್ಲಿ ಬಾಡಿಗೆಗಿದ್ದ ಲಾ ಕಾಲೇಜಿನ ಹುಡುಗರು ಹೊತ್ತಿಲ್ಲ ಗೊತ್ತಿಲ್ಲ, ಕೊಲೆ, ಸುಲಿಗೆ, ದರೋಡೆ ಎಂದು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದರು. ಅದರ ಮುಂದೆ ಸಮಾಜಶಾಸ್ತ್ರ ಎಂಬ ಹೆಸರು ಬಲು ಸಂಭಾವಿತವಾಗಿ ಕೇಳಿಸಿತು.

"ಸಮಾಜ ಅಂದ್ರೆ ನಾವೇ ಅಲ್ವಾ. ಓದ್ಕೊಳ್ಳಲಿ ಬಿಡು," ಎಂದು ಹೆಂಡತಿ ಮುನಿತಾಯಮ್ಮನಿಗೆ ಹೇಳಿದ್ದ.

ಎರಡನೆಯ ವರ್ಷದಲ್ಲಿ, ಅಂದರೆ ಎರಡು ಸಾವಿರದ ಆರನೆಯ ಇಸವಿಯಲ್ಲಿ, ಒಳಗುಟ್ಟು ಹೊರಬಿತ್ತು. ಓದು ಮುಗಿಯುವ ಮುಂಚೆ ಆರು ವಾರ ಎಲ್ಲಾದರೂ ತರಬೇತಿಗೆ ಹೋಗಬೇಕು. ಎಲ್ಲೆಲ್ಲಿಗೆ ಹೋಗಬಹುದು ಎಂದು ಮೇಷ್ಟ್ರು ಹೇಳಿದ್ದನ್ನು ಕೀರ್ತನಾ ಊಟದ ಹೊತ್ತಿಗೆ ಒಪ್ಪಿಸಿದಳು.

"ಸೆಂಟ್ರಲ್ ಜೈಲಿಗೆ ಹೋಗ್ಬಹುದಪ್ಪ. ಇಲ್ಲ ಬಾಲಮಂದಿರ. ಇಲ್ಲ ಕೋರ್ಟು. ಅದೂ ಬೇಡ ಅಂದ್ರೆ ಪೊಲೀಸ್ ಸ್ಟೇಷನ್."

ಕೆಂಪಯ್ಯ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ಯಾಕವ್ವ, ಏನ್ ಮಾಡ್ದೆ ನೀನು?"

"ಏನೂ ಮಾಡಿಲ್ಲ. ಎಂ.ಎ. ಮಾಡ್ತಿದೀನಿ."

"ಬ್ಯಾಂಕು, ಪೋಸ್ಟಾಫೀಸು, ಏನೂ ಹೇಳ್ಲಿಲ್ವಾ ನಿಮ್ಮೇಷ್ಟ್ರು?"

"ಅಲ್ಲಿ ಸಮಾಜ ಸುಮ್ನೆ ಕ್ಯೂನಲ್ಲಿ ನಿಂತಿರುತ್ತೆ ಕಣಪ್ಪ. ಅದನ್ನ ನೋಡಿ ಏನ್ ಬರೀಲಿ?"

ಅವಳು ಆರಿಸಿಕೊಂಡದ್ದು ಮಾಗಡಿ ರಸ್ತೆ ಕಡೆಯ ಒಂದು ಠಾಣೆಯನ್ನು. ಅಲ್ಲಿ ಹಿಂಬದಿಯ ಕೋಣೆಯೊಂದರಲ್ಲಿ ಸತ್ಯವತಿ ಎಂಬ ಹಿರಿಯಾಕೆ ಕುಟುಂಬ ಸಲಹಾ ಕೇಂದ್ರ ನಡೆಸುತ್ತಿದ್ದರು. ಗಂಡ ಹೆಂಡಿರ ಜಗಳ, ಅತ್ತೆ ಸೊಸೆಯರ ವ್ಯಾಜ್ಯ, ಅಕ್ಕಪಕ್ಕದ ಮನಸ್ತಾಪ, ಇವನ್ನು ಕೇಸಾಗುವ ಮುಂಚೆ ಕೇಳಿ ದಾರಿ ತೋರಿಸುವುದು ಕೇಂದ್ರದ ಕೆಲಸ. ಅಲ್ಲೊಂದು ಸಲಹೆಗಾರ್ತಿಯ ಹುದ್ದೆ ಖಾಲಿಯಿತ್ತು. ಸತ್ಯವತಿ ಮೇಡಂ ಮೊದಲ ದಿನವೇ ಕೀರ್ತನಾಗೆ ಹೇಳಿದ್ದರು: ತರಬೇತಿ ಮುಗಿಯುವುದರೊಳಗೆ ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ನೀನೊಬ್ಬಳೇ ನಡೆಸಿ ತೋರಿಸು, ಕೆಲಸ ನಿನ್ನದೇ. ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ.

ಅಂದಿನಿಂದ ಹುಡುಗಿಗೆ ನಿದ್ದೆಯಲ್ಲೂ ಆ ಹುದ್ದೆಯದೇ ಧ್ಯಾನ. ಕೆಂಪಯ್ಯ ಒಂದೇ ಒಂದು ಷರತ್ತು ಹಾಕಿದ. "ನಾನೇ ಬಿಡ್ತೀನಿ, ನಾನೇ ಕರ್ಕೊಂಡ್ ಬರ್ತೀನಿ. ಒಳಕ್ಕೆ ಮಾತ್ರ ಕಾಲಿಡಾಕಿಲ್ಲ."

"ನಿಮ್ಮನ್ನ ಒಳಕ್ಕೆ ಬನ್ನಿ ಅಂತ ಯಾರಾದ್ರೂ ಕರದ್ರಾ?" ಎಂದಳು ಮುನಿತಾಯಮ್ಮ.

ಹೀಗೆ ಕೆಂಪಯ್ಯನ ಸ್ಕೂಟರ್ ದಿನವೂ ಹೊರಡತೊಡಗಿತು. ಅದರ ಸದ್ದಿಗೆ ಕೆಂಗೇರಿಯಲ್ಲಿ ಮಲಗಿದ್ದ ಕೂಸು ಎದ್ದು ಕೂರುತ್ತಿತ್ತು. ಬಸವೇಶ್ವರನಗರದ ನಾಯಿಗಳು ಇವತ್ತು ಯಾವ ಕಡೆ ಓಡುವುದೆಂದು ಸಭೆ ಸೇರುತ್ತಿದ್ದವು. ಮಗಳನ್ನು ಠಾಣೆಯ ಬಾಗಿಲಲ್ಲಿ ಇಳಿಸಿ, ರಸ್ತೆಯಾಚೆ ಹೊಂಗೆಮರದ ಕೆಳಗಿದ್ದ ಬೈರಪ್ಪನ ಟೀ ಅಂಗಡಿಯ ಬೆಂಚಿನ ಮೇಲೆ ಅವನು ಸಂಜೆಯವರೆಗೆ ಕೂರುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿ, ತೊಡೆಯ ಮೇಲೆ ಕೊಡೆ. ಮೀಸೆಯೋ, ಎಡತುದಿ ರಾಜಾಜಿನಗರ ನೋಡಿದರೆ ಬಲತುದಿ ವಿಜಯನಗರ ನೋಡುತ್ತಿತ್ತು.

ದಿನವೂ ಠಾಣೆಯ ಎದುರು ಬಿಳಿ ಪಂಚೆಯಲ್ಲಿ ಕೂತು ಟೀ ಕುಡಿಯುವ ಮನುಷ್ಯನನ್ನು ನಮ್ಮ ಜನ ಏನೆಂದು ತಿಳಿಯುತ್ತಾರೆ? ಠಾಣೆ ಅವನ ಜೇಬಿನಲ್ಲಿದೆ ಎಂದೇ ತಿಳಿಯುತ್ತಾರೆ. ಎರಡನೆಯ ವಾರದಲ್ಲಿ ಬೋರಮ್ಮ ಎಂಬ ಮುದುಕಿ ಬಂದು ನಿಂತಳು.

"ಅಣ್ಣ, ಒಳಗೆ ಯಾರ್ನ ನೋಡ್ಬೇಕು?"

"ಏನಮ್ಮ ವಿಷ್ಯ?"

"ಪಕ್ಕದ ಮನೆಯೋಳ ಕೋಳಿ ನನ್ನ ಸಂಡಿಗೆ ತುಳಿದಾಕ್ತು. ಕೇಳಿದ್ರೆ, ಕೋಳಿಗೇನ್ ಗೊತ್ತು ಅಂತಾಳೆ."

ಕೆಂಪಯ್ಯ ಪಕ್ಕದ ಮನೆಯವಳನ್ನು ಕರೆಸಿದ, ಇಬ್ಬರಿಗೂ ಸಮವಾಗಿ ಬೈದ, ಇಬ್ಬರಿಗೂ ಟೀ ಕೊಡಿಸಿದ, ಹೊಂದಿಕೊಂಡು ಹೋಗಿ ಎಂದ. ಟೀ ಆರುವಷ್ಟರಲ್ಲಿ ವ್ಯಾಜ್ಯ ಮುಗಿಯಿತು. ಹಿಂದೆ ಊರ ಅರಳಿಕಟ್ಟೆಯ ಮೇಲೆ ಅವನ ಅಪ್ಪ ಹೀಗೇ ನ್ಯಾಯ ಹೇಳುತ್ತಿದ್ದ. ಅರಳಿಕಟ್ಟೆ ಲೇಔಟಿಗೆ ಹೋಗಿತ್ತು. ಅದರ ಮೇಲೆ ಕೂರುವ ಚಟ ಮಾತ್ರ ಮನೆಯಲ್ಲೇ ಉಳಿದಿತ್ತು.

ಸುದ್ದಿ ಹಬ್ಬಿತು. ಬೈರಪ್ಪ ಇನ್ನೊಂದು ಬೆಂಚು ತರಿಸಿದ. "ದಿನಾ ಬನ್ನಿ ಯಜಮಾನ್ರೇ, ನಿಮ್ ಟೀ ನಂದು," ಎಂದ. ಜಗಳಗಳು ಅಲ್ಲಿ ಎಷ್ಟು ಬೇಗ ಬಗೆಹರಿಯುತ್ತಿದ್ದವೆಂದರೆ, ಕೆಲವರು ಜಗಳವಾಡುವ ಮುಂಚೆಯೇ ಬಂದು ರಾಜಿ ಮಾಡಿಕೊಂಡು ಹೋಗುತ್ತಿದ್ದರು. ಯಾವ ತಕರಾರಿಗೂ ಕೆಂಪಯ್ಯನ ಮದ್ದು ಒಂದೇ: ಸಮವಾಗಿ ಬೈಗುಳ, ಸಮವಾಗಿ ಟೀ, ಹೊಂದಿಕೊಂಡು ಹೋಗಿ. ಸಲಹಾ ಕೇಂದ್ರದ ಕಿಟಕಿ ಹಿತ್ತಲಿಗೆ ತೆರೆಯುತ್ತಿದ್ದುದರಿಂದ ಒಳಗಿನವರಿಗೆ ಈ ದರ್ಬಾರು ಕಾಣುತ್ತಿರಲಿಲ್ಲ. ಠಾಣೆಯ ಪೊಲೀಸರು, ಬೈರಪ್ಪನ ಟೀ ಈಚೆಗೆ ರುಚಿಯಾಗಿರಬೇಕು ಎಂದುಕೊಂಡರು.

ಕೊನೆಯ ವಾರ ಬಂದವಳು ದಾನಮ್ಮ. ಬಾಗಲಕೋಟೆ ಕಡೆಯವಳು, ಹೆಗ್ಗನಹಳ್ಳಿಯಲ್ಲಿ ಫ್ಲೋರ್ ಮಿಲ್ಲಿನ ಹಿಂದೆ ಮನೆ, ಹೊಲಿಗೆಯ ಕೆಲಸ. ಅವಳ ಗಂಡ ಶ್ರೀಶೈಲ, ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸದವನು, ಹಿಂದೆಯೇ ಬಂದು ತಲೆ ತಗ್ಗಿಸಿ ನಿಂತ.

"ನಾ ಒಳಗ ಹೋಗಾಕಂತ ಬಂದೀನ್ರಿ ಯಪ್ಪಾ," ಎಂದಳು ದಾನಮ್ಮ.

"ಒಳಗ್ಯಾಕವ್ವ? ಮಾನವಂತರು ಹತ್ತೋ ಮೆಟ್ಲಾ ಅದು? ಇಲ್ಲೇ ಹೇಳು," ಎಂದ ಕೆಂಪಯ್ಯ. ತನ್ನ ಮಗಳೇ ದಿನವೂ ಹತ್ತುವ ಮೆಟ್ಟಿಲು ಅದು ಎಂಬುದು ಆ ಗಳಿಗೆಯಲ್ಲಿ ಅವನಿಗೆ ನೆನಪಾಗಲಿಲ್ಲ.

ಗಂಡ ಕುಡಿಯುತ್ತಾನೆ ಎಂದಷ್ಟೇ ಹೇಳಿ ಅವಳು ಹಿಂದೆ ನಿಂತವನ ಕಡೆ ನೋಡಿದಳು. ಕೆಂಪಯ್ಯ ಇಬ್ಬರಿಗೂ ಸಮವಾಗಿ ಬೈದ. ಇನ್ನು ಕುಡಿಯುವುದಿಲ್ಲವೆಂದು ಶ್ರೀಶೈಲನ ಕೈಯಲ್ಲಿ ಹೊಂಗೆಮರ ಮುಟ್ಟಿಸಿ ಆಣೆ ಮಾಡಿಸಿದ. ಅವನು ಇನ್ನೆರಡು ಮರ ತೋರಿಸಿದರೂ ಮುಟ್ಟುವಷ್ಟು ಉತ್ಸಾಹದಿಂದ ಮುಟ್ಟಿದ. ಟೀ ಕೊಟ್ಟಾಗ ದಾನಮ್ಮ ಎಡಗೈಯಲ್ಲಿ ಲೋಟ ಹಿಡಿದಳು. ಬಲಗೈ ಸೆರಗಿನೊಳಗೇ ಇತ್ತು. ಆಮೇಲೆ ಒಮ್ಮೆ ಠಾಣೆಯ ಬಾಗಿಲು ನೋಡಿ, ಗಂಡನ ಹಿಂದೆ ಬಸ್ ಸ್ಟಾಪಿನ ಕಡೆ ನಡೆದಳು.

ಅಂದು ಸಂಜೆ ಊಟಕ್ಕೆ ಕೂತಾಗ ಕೀರ್ತನಾ ತಟ್ಟೆಯನ್ನು ಮುಟ್ಟಲಿಲ್ಲ.

"ಮೊದಲ ವಾರ ಮೇಡಂ ಮಾಡೋದು ನೋಡ್ತಾ ಕೂತಿದ್ದೆ. ಆಮೇಲೆ ಬರೋರೇ ನಿಂತೋದ್ರು. ಇಷ್ಟು ವರ್ಷದಲ್ಲಿ ಹಿಂಗಾಗಿಲ್ವಂತೆ. ನಾಡಿದ್ದು ನನ್ನ ಟ್ರೈನಿಂಗ್ ಮುಗಿಯುತ್ತೆ, ಒಂದೂ ಕೇಸಿಲ್ಲ."

"ಜನ ಸುಧಾರಿಸಿದಾರೆ ಅನ್ನು," ಎಂದ ಕೆಂಪಯ್ಯ, ಒಳಗೊಳಗೇ ಮೀಸೆ ತಿರುವುತ್ತ.

"ಇವತ್ತೊಬ್ಳು ಬರೋಳಿದ್ಲು. ಹೆಗ್ಗನಹಳ್ಳಿಯಿಂದ, ದಾನಮ್ಮ ಅಂತ. ಬೆಳಗ್ಗೆ ಕಾಯಿನ್ ಬೂತಿಂದ ಸೆಂಟರಿಗೆ ಫೋನ್ ಮಾಡಿದ್ಲು. ಗಂಡ ಬಲಗೈ ತಿರುಚಿದಾನೆ, ಊದ್ಕೊಂಡಿದೆ, ಮನೇಲಿರೋಕೆ ಭಯ ಆಗುತ್ತೆ ಅಂದ್ಲು. ನನ್ ನಂಬರ್ ಕೊಟ್ಟು ಬಾ ಅಂದೆ. ಬರ್ಲೇ ಇಲ್ಲ."

ಕೆಂಪಯ್ಯನ ಗಂಟಲಿಗಿಳಿಯುತ್ತಿದ್ದ ಮುದ್ದೆ ಅಲ್ಲೇ ಸಾವನದುರ್ಗದ ಬಂಡೆಯಾಗಿ ನಿಂತಿತು. ಮುನಿತಾಯಮ್ಮ ಬೆನ್ನಿಗೆ ಗುದ್ದಿ ಅದನ್ನು ಕೆಳಗಿಳಿಸಿದಳು. ಐದು ವಾರದ ಟೀ, ಐದು ವಾರದ ನ್ಯಾಯ, ಎಲ್ಲ ಸಾಲಾಗಿ ಅವನ ಕಣ್ಣ ಮುಂದೆ ಬಂದವು. ಮಗಳ ಕೇಸುಗಳನ್ನೆಲ್ಲ ತಾನು ಟೀಯಲ್ಲಿ ಕಲಸಿ ಕುಡಿದಿದ್ದ. ಅದು ಹೋಗಲಿ, ಸೆರಗಿನೊಳಗಿದ್ದ ಆ ಕೈ? ಅದನ್ನು ನೋಡಿಯೂ ಏನೆಂದು ಕೇಳದೆ ಅವಳನ್ನು ಗಂಡನ ಹಿಂದೆಯೇ ಕಳಿಸಿದ್ದ. ಮಗಳಿಗೆ ಹೇಳದೆಯೇ ಕೈ ತೊಳೆದು ಎದ್ದ.

ಮರುದಿನ ಹಾಲಿನವನು ಬರುವ ಮುಂಚೆಯೇ ಅವನು ಹೆಗ್ಗನಹಳ್ಳಿಯಲ್ಲಿದ್ದ. ಫ್ಲೋರ್ ಮಿಲ್ಲಿನ ಹಿಂದಿನ ಮನೆಗೆ ಬೀಗ. ಪಕ್ಕದ ಮನೆಯ ಶಂಕ್ರವ್ವ ಬಾಗಿಲಿಗೆ ನೀರು ಹಾಕುತ್ತಿದ್ದಳು.

"ಅಕಿ ನಿನ್ನಿಯಿಂದ ಬಂದಿಲ್ರಿ. ಅಂವ ಒಬ್ಬನ ಕುಡದು ಬಂದು ಒದರ್ಯಾಡಿ, ಈಗ ಕೀಲಿ ಹಾಕ್ಕೊಂಡು ಕೆಲಸಕ್ಕ ಹೋದ."

"ಎಲ್ಲಿಗೋದ್ಲು ಅಂತ ಏನಾರ ಗೊತ್ತಾ ತಾಯಿ?"

"ನಮಗೆಲ್ಲಿ ಗೊತ್ತಾಗ್ಬೇಕ್ರಿ."

ಕೆಂಪಯ್ಯ ಬಿಸಿಲೇರುವವರೆಗೂ ಬಸ್ ಸ್ಟಾಪುಗಳಲ್ಲಿ ಹುಡುಕಿದ. ಸುಂಕದಕಟ್ಟೆಯ ಸುತ್ತ ಹಾಳುಬಾವಿ ಇದೆಯೇ ಎಂದು ಕಂಡಕಂಡವರನ್ನು ಕೇಳಿದ. ಆ ಹೊತ್ತಿನಲ್ಲಿ ಸ್ಕೂಟರಿಗೂ ಸದ್ದು ಮಾಡುವ ಮನಸ್ಸಿರಲಿಲ್ಲ. ಉಳಿದದ್ದು ಒಂದೇ ದಾರಿ. ಠಾಣೆಯ ಮುಂದೆ ಗಾಡಿ ನಿಲ್ಲಿಸಿದ. ಬೈರಪ್ಪ ಆಚೆಯಿಂದ ಟೀ ಎತ್ತಿ ತೋರಿಸಿದರೂ ತಿರುಗಿ ನೋಡಲಿಲ್ಲ.

ಮೂರೇ ಮೆಟ್ಟಿಲು. ಮೊದಲನೆಯದರ ಮೇಲೆ ಕಾಲಿಟ್ಟಾಗ ಏಳು ತಲೆಮಾರಿನ ಹಿರಿಯರೂ ಪಂಚೆ ಹಿಡಿದು ಹಿಂದಕ್ಕೆಳೆದರು. ಎರಡನೆಯದರ ಹೊತ್ತಿಗೆ ತಾತನೊಬ್ಬನೇ ಉಳಿದಿದ್ದ. ಮೂರನೆಯದಕ್ಕೆ ಪಂಚೆ ಬಿಡಿಸಿಕೊಂಡು ಕೆಂಪಯ್ಯ ಒಳಗಿದ್ದ.

"ಏನ್ ಯಜಮಾನ್ರೇ, ಕೊನೆಗೂ ಒಳಗೆ ಬಂದ್ರಾ?" ಎಂದ ಕಾನ್‌ಸ್ಟೆಬಲ್ ಮುನಿವೆಂಕಟಪ್ಪ.

"ತಪ್ಪೊಪ್ಕೊಳ್ಳಾಕ್ ಬಂದಿದೀನಿ ಸಾರ್."

"ಏನ್ ಮಾಡಿದ್ರಿ?"

"ನ್ಯಾಯ ಮಾಡ್ದೆ."

ಮುನಿವೆಂಕಟಪ್ಪ ಪೆನ್ನಿನಿಂದ ತಲೆ ಕೆರೆದುಕೊಂಡ. "ಅದಕ್ಕೆ ಯಾವ ಸೆಕ್ಷನ್ನು ಅಂತ ನಂಗೂ ಗೊತ್ತಿಲ್ಲ. ಹಿಂದ್ಗಡೆ ರೂಮಲ್ಲಿ ಮೇಡಮ್ಮೋರನ್ನ ಕೇಳಿ."

ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಬಲಗೈಗೆ ಬಿಳಿ ಪಟ್ಟಿ ಸುತ್ತಿಸಿಕೊಂಡ ದಾನಮ್ಮ ಎಡಗೈಯಲ್ಲಿ ಬನ್ನನ್ನು ಟೀಗೆ ಅದ್ದಿ ತಿನ್ನುತ್ತಿದ್ದಳು. ಕೆಂಪಯ್ಯ ಬಿಟ್ಟ ಉಸಿರಿಗೆ ಗೋಡೆಯ ಕ್ಯಾಲೆಂಡರ್ ಮೂರು ತಿಂಗಳು ಮುಂದಕ್ಕೆ ಹಾರಿತು. ಅವನು ಅಲ್ಲೇ ಬಾಗಿಲ ಚೌಕಟ್ಟಿಗೆ ಒರಗಿ ನಿಂತುಬಿಟ್ಟ.

"ಇವ್ರ ನೋಡ್ರಿ ಮೇಡಂ," ಎಂದಳು ದಾನಮ್ಮ. "ನಿನ್ನಿ ಹೊರಗ ಕುಂತಿದ್ದ ಸಾಹೇಬ್ರು. ಒಳಗ ಹೋಗ್ಬ್ಯಾಡ ಅಂದ್ರಲ್ಲ, ಇವ್ರ."

ಎದುರು ಕುರ್ಚಿಯಲ್ಲಿದ್ದ ಕೀರ್ತನಾ ತಲೆಯೆತ್ತಿ ಅಪ್ಪನನ್ನು ನೋಡಿದಳು. ಮೂಲೆಯಲ್ಲಿದ್ದ ಸತ್ಯವತಿ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಬನ್ನಿ ಸಾರ್, ಕೂತ್ಕೊಳ್ಳಿ," ಎಂದಳು ಕೀರ್ತನಾ. ಹುಟ್ಟಿದಾಗಿನಿಂದ ಅವಳು ಅಪ್ಪನನ್ನು ಸಾರ್ ಎಂದದ್ದು ಅದೇ ಮೊದಲು. "ನಿನ್ನೆ ಇವರ ಕೈ ನೋಡಿದ್ರಾ?"

"ಸೆರಗಲ್ಲಿತ್ತು. ಕೇಳ್ಲಿಲ್ಲ."

"ಗಂಡನ್ನ ದೂರ ಕಳಿಸಿ ಇವರೊಬ್ರನ್ನೇ ಮಾತಾಡಿಸಿದ್ರಾ?"

"ಇಲ್ಲ ಮೇಡಂ." ಅವನ ಬಾಯಿಂದಲೂ ಅದು ತಾನಾಗಿಯೇ ಬಂತು.

"ಮನೆಗೆ ಹೋಗೋಕೆ ಇಷ್ಟ ಇದ್ಯಾ ಅಂತ?"

"ಹೊಂದ್ಕೊಂಡ್ ಹೋಗವ್ವ ಅಂದೆ."

ದಾನಮ್ಮನೇ ನಡುವೆ ಬಾಯಿ ಹಾಕಿದಳು.

"ಇರ್ಲಿ ಬಿಡ್ರಿ ಮೇಡಂ. ಹಿರೇರು, ಟೀ ಕುಡಿಸ್ಯಾರ."

ನಡೆದದ್ದು ಇಷ್ಟು. ಶ್ರೀಶೈಲ ಬಸ್ಸಿಳಿದವನು ಆಣೆ ಆರುವ ಮುಂಚೆಯೇ ವೈನ್ ಸ್ಟೋರಿನ ಕಡೆ ತಿರುಗಿದ್ದ. ದಾನಮ್ಮ ಮನೆಗೆ ಹೋಗದೆ, ಜೊತೆಯಲ್ಲಿ ಹೊಲಿಗೆ ಮಾಡುವ ಶಿಲ್ಪಾಳ ಕೋಣೆಯಲ್ಲಿ ಉಳಿದುಕೊಂಡಳು. ಬೆಳಗಾಗುತ್ತಲೇ ಕೀರ್ತನಾಳ ಮೊಬೈಲಿಗೆ ಫೋನ್ ಮಾಡಿದಳು. ಅಷ್ಟರಲ್ಲಿ ಅಪ್ಪ, ಸ್ಕೂಟರ್ ಎರಡೂ ಮನೆಯಿಂದ ಮಾಯವಾಗಿದ್ದರಿಂದ ಕೀರ್ತನಾ ಬಸ್ಸು ಹಿಡಿದು ಹೋಗಿ, ಅವಳನ್ನು ಆಸ್ಪತ್ರೆಗೆ ಕರೆದೊಯ್ದು ಪಟ್ಟಿ ಕಟ್ಟಿಸಿ, ಇಲ್ಲಿಗೆ ಕರೆತಂದು ದೂರು ಬರೆಸಿದ್ದಳು. ನಿನಗೇನು ಬೇಕು ಎಂದು ಮೊದಲು ಕೇಳಿದ್ದೂ ಅವಳೇ. ದಾನಮ್ಮನಿಗೆ ಬೇಕಾಗಿದ್ದು ಎರಡು: ಕೆಲಸ ಮಾಡುವ ಹೆಂಗಸರ ಹಾಸ್ಟೆಲಿನಲ್ಲೊಂದು ಮಂಚ, ಬೀಗ ಹಾಕಿದ ಮನೆಯೊಳಗಿನ ಅವಳ ಹೊಲಿಗೆ ಮಷೀನು.

"ಮಂಚ ಸಿಕ್ಕಿದೆ," ಎಂದಳು ಕೀರ್ತನಾ. "ಮಷೀನ್ ತರೋಕೆ ಒಬ್ರು ಬೇಕು."

ಕೆಂಪಯ್ಯ ಆಗಲೇ ಎದ್ದು ನಿಂತಿದ್ದ.

ಮಧ್ಯಾಹ್ನ ಪೊಲೀಸರು ಶ್ರೀಶೈಲನನ್ನು ಕರೆಸಿ ವಿಚಾರಿಸುವಾಗ ಬೀಗದಕೈ ಸಿಕ್ಕಿತು. ಮುನಿವೆಂಕಟಪ್ಪನ ಜೊತೆ ಆಟೋದಲ್ಲಿ ಹೋಗಿ ಕೆಂಪಯ್ಯ ಮಷೀನನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದ. ಮಷೀನಿಗೊಮ್ಮೆ, ಅದರ ಕಾಲಿಗೊಮ್ಮೆ, ಬಟ್ಟೆಯ ಗಂಟಿಗೊಮ್ಮೆ, ಆಟೋದಲ್ಲಿ ಮರೆತ ಕತ್ತರಿಗೊಮ್ಮೆ ಅವನು ಆ ಮೆಟ್ಟಿಲುಗಳನ್ನು ಹತ್ತಿಳಿದ ಹುರುಪು ನೋಡಿದರೆ, ಗಂಟಿನ ಒಂದು ಕಡೆ ತಾತನೇ ಬಂದು ಹಿಡಿದುಕೊಂಡಿರಬೇಕು.

ಸಂಜೆ ಸತ್ಯವತಿ ಮೇಡಂ ಅವನನ್ನು ನಿಲ್ಲಿಸಿದರು. "ನಮ್ ಕೇಸೆಲ್ಲ ಎಲ್ಲಿ ಹೋಗ್ತಿದ್ವು ಅಂತ ಈಗ ಗೊತ್ತಾಯ್ತು ಕೆಂಪಯ್ಯನವರೇ. ನಿಮ್ ಮಗಳಿಗೆ ಇದೊಂದು ಸಿಕ್ತು, ಸಾಕು. ಮುಂದಿನ ತಿಂಗಳಿಂದ ಕೆಲಸಕ್ಕೆ ಬರ್ಲಿ."

ಮನೆಗೆ ಹೋಗುವಾಗ ಸ್ಕೂಟರ್ ಮತ್ತೆ ಕೆಂಗೇರಿಯ ಕೂಸನ್ನು ಎಬ್ಬಿಸುವಷ್ಟು ಸದ್ದು ಮಾಡುತ್ತಿತ್ತು. ಆ ಸದ್ದಿನ ನಡುವೆ ಕೆಂಪಯ್ಯ ಕೇಳಿದ. "ಸಿಟ್ಟೇನವ್ವ?"

"ಬೆಟ್ಟದಷ್ಟಿತ್ತು. ಬಾಗಿಲಲ್ಲಿ ನಿನ್ ಮುಖ ನೋಡಿ ಅರ್ಧ ಹೋಯ್ತು."

"ಇನ್ನರ್ಧ?"

"ಕತ್ತರಿ ತರೋಕೆ ನಾಲ್ಕನೇ ಸಲ ಹತ್ತಿದ್ಯಲ್ಲ, ಆವಾಗ."

ಕೀರ್ತನಾ ಕೆಲಸಕ್ಕೆ ಸೇರಿದ ಮೇಲೂ ಅವನು ಬಿಡಲು ಹೋಗುವುದನ್ನು ಬಿಡಲಿಲ್ಲ. ಒಂದು ಟೀ ಕುಡಿಯುವವರೆಗೆ ಮಾತ್ರ ಕೂರುತ್ತಾನೆ. ಬೈರಪ್ಪನ ಎರಡನೆಯ ಬೆಂಚು ಖಾಲಿ. ಈಗಲೂ ಯಾರಾದರೂ ಬಂದು, "ಯಜಮಾನ್ರೇ, ಒಂದು ನ್ಯಾಯ ಇತ್ತು," ಎಂದರೆ ಅವನು ಕೊಡೆಯ ತುದಿಯನ್ನು ರಸ್ತೆಯಾಚೆಗೆ ಚಾಚುತ್ತಾನೆ.

"ಮೂರೇ ಮೆಟ್ಲು. ನಾನೇ ಹತ್ತಿ ನೋಡಿದೀನಿ, ಏನೂ ಆಗಾಕಿಲ್ಲ. ಒಳಗೆ ನಮ್ ಕೀರ್ತನಾ ಮೇಡಂ ಅವ್ರೆ, ಹೋಗಿ. ಕೋಳಿ, ಸಂಡಿಗೆ ಏನಾರ ಇದ್ರೆ ಮಾತ್ರ ಇಲ್ಲಿ ಕೂತ್ಕೊಳ್ಳಿ."